ಬೆಳಕು ನಿಧಾನವಾಗುತ್ತಿದೆ ಎಂದು ಬರೆದವರಿಗೆ

ಪ್ರಿಯರೇ,

‘ಬೆಳಕು ದಣಿಯುತ್ತಿದೆಯೇ?’ ಲೇಖನ ತಲುಪಿತು. ಭಾಷೆ ತಿಳಿಯಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ ಈಗಿರುವಂತೆ ಪ್ರಕಟಿಸಲಾರೆ. ವಿಶ್ವದ ಆರಂಭದಲ್ಲಿ ಬೆಳಕಿನ ವೇಗ ಹೆಚ್ಚಿತ್ತೇ ಎಂದು ಭೌತವಿಜ್ಞಾನಿಗಳೇ ಗಂಭೀರವಾಗಿ ಕೇಳಿದ್ದಾರೆ, ಹಾಗಾಗಿ ನಿಮ್ಮ ಊಹೆಯ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಮೂರನೇ ಪುಟದ ಗ್ರಾಫ್ ಬಗ್ಗೆ. ಅದನ್ನು ನೋಡಿ ಸಿಟ್ಟೇ ಬಂತು.

ಬೆಳಕಿನ ವೇಗ ಅಳೆದ ವಿಜ್ಞಾನಿಗಳ ಅಂಕಿಗಳೆಂದು ನೀವಿಟ್ಟದ್ದು ನಾಲ್ಕು ಚುಕ್ಕಿ. 1849ರ ಫಿಜೋ, ಸೆಕೆಂಡಿಗೆ 3,13,000 ಕಿ.ಮೀ.; 1879ರ ಮೈಕೆಲ್ಸನ್, 2,99,910; 1926ರಲ್ಲಿ ಅವರದೇ 2,99,796; 1983ರ 2,99,792. ಗೆರೆ ಎಳೆದು ‘ಇಳಿಕೆ ಕಣ್ಣಿಗೆ ರಾಚುತ್ತದೆ’ ಎಂದಿದ್ದೀರಿ. ಹಾಗಾದರೆ 1862ರ ಫೂಕೋ ಎಲ್ಲಿ? ತಿರುಗುವ ಕನ್ನಡಿಯಿಂದ ಅವರಿಗೆ ಸಿಕ್ಕಿದ್ದು 2,98,000, ಇಂದಿನದಕ್ಕಿಂತ ಕಡಿಮೆ. 1941ರಲ್ಲಿ ಬರ್ಜ್ ಅಂದಿನ ಅಳತೆಗಳನ್ನು ತೂಗಿ ನೋಡಿ ಕೊಟ್ಟ 2,99,776? ಅದೂ ಕಡಿಮೆ. 1676ರಲ್ಲಿ ರೋಮರ್ ಗುರುವಿನ ಉಪಗ್ರಹ ಅಯೋದ ಗ್ರಹಣಗಳನ್ನು ಲೆಕ್ಕ ಹಾಕಿ, ಭೂಕಕ್ಷೆಯ ವ್ಯಾಸ ದಾಟಲು ಬೆಳಕಿಗೆ 22 ನಿಮಿಷ ಬೇಕೆಂದರು. ನಿಜಕ್ಕೂ ಬೇಕಾಗುವುದು ಸುಮಾರು 16 ನಿಮಿಷ 40 ಸೆಕೆಂಡು. ರೋಮರ್ ಅಂಕಿಯನ್ನು ನಂಬಿದರೆ ಬೆಳಕು ಆಗ ಇಂದಿಗಿಂತ ನಿಧಾನ! ಬಿಟ್ಟುಹೋದ ಮೂರೂ ನಿಮ್ಮ ಗೆರೆಗೆ ಒಗ್ಗದಿರುವಂಥವು. ಇನ್ನು 1983ರದು ಅಳತೆಯೇ ಅಲ್ಲ, ವ್ಯಾಖ್ಯೆ. ಅಲ್ಲಿ 1972ರ ಲೇಸರ್ ಅಳತೆ ಇರಬೇಕಿತ್ತು.

‘ಫಿಜೋ ಅಳತೆ ಕರಾರುವಾಕ್ಕಾಗಿತ್ತು’ ಎಂಬ ವಾಕ್ಯವನ್ನೂ ಬಿಡುವಂತಿಲ್ಲ. ಅವರದು 720 ಹಲ್ಲಿನ ಚಕ್ರ. ಹಲ್ಲುಗಳ ಸಂದಿಯಿಂದ ಹೊರಟ ಬೆಳಕು 8,633 ಮೀಟರ್ ಆಚೆಯ ಕನ್ನಡಿಗೆ ಬಡಿದು ಮರಳುವಷ್ಟರಲ್ಲಿ ಪಕ್ಕದ ಹಲ್ಲು ಅಡ್ಡ ಬಂದರೆ ಕತ್ತಲು. ಮೊದಲ ಕತ್ತಲು ಕಂಡದ್ದು ಚಕ್ರ ಸೆಕೆಂಡಿಗೆ 12.6 ಸುತ್ತು ತಿರುಗುವಾಗ. ಲೆಕ್ಕ ಮಾಡಿ: ಹೋಗಿಬರುವ ದೂರ 17,266 ಮೀಟರ್, ಹಿಡಿದ ಸಮಯ ಸೆಕೆಂಡಿನ 18,144ನೇ ಒಂದು ಪಾಲು (ಹಲ್ಲು, ಸಂದಿ ಸೇರಿ 1,440; ಅದರ 12.6 ಪಟ್ಟು). 3,13,000 ಬಂತಲ್ಲ? ಇಂದಿನ ಅಂಕಿ ಬರಬೇಕಾದರೆ ಚಕ್ರ 12.06 ಸುತ್ತು ತಿರುಗಬೇಕಿತ್ತು. ಅರ್ಧ ಸುತ್ತಿನ ಹೆಚ್ಚಳಕ್ಕೆ ವೇಗ 13,000 ಕಿ.ಮೀ. ಏರಿಬಿಡುತ್ತದೆ. ಬೆಳಕು ಮೆಲ್ಲಮೆಲ್ಲನೆ ಮಬ್ಬಾಗುತ್ತದೆ, ಪೂರ್ತಿ ನಂದಿದ್ದು ಯಾವಾಗ ಎಂದು ಹೇಳಬೇಕಾದದ್ದು ಬರಿಗಣ್ಣು. ನಿಮ್ಮ ಗೆರೆಯ ಇಳಿಜಾರೆಲ್ಲ ಹುಟ್ಟಿದ್ದು ಇಲ್ಲಿಂದ.

ನನಗೆ ಸಂಪಾದನೆ ಕಲಿಸಿದ ಹಿರಿಯರು ಅಂಕಿ ಕಂಡಲ್ಲೆಲ್ಲ ಅಂಚಿನಲ್ಲಿ ‘ಹೆಚ್ಚುಕಡಿಮೆ ಎಷ್ಟು?’ ಎಂದು ಬರೆಯುತ್ತಿದ್ದರು. ಉತ್ತರ ತರುವವರೆಗೆ ಪುಟ ಮುಂದೆ ಹೋಗುತ್ತಿರಲಿಲ್ಲ. ನಿಮಗೂ ಅದೇ ಪ್ರಶ್ನೆ. 1879ರಲ್ಲಿ ಮೈಕೆಲ್ಸನ್ 50 ಕಿ.ಮೀ. ಹೆಚ್ಚುಕಡಿಮೆ ಇರಬಹುದೆಂದು ತಾವೇ ಹೇಳಿದ್ದರು. 1972ರ ಅಳತೆಯಲ್ಲಿ ಅದು ಸುಮಾರು 1 ಮೀಟರ್. ಹೇಳಿಕೊಂಡ ಮಿತಿಯನ್ನೂ ಕುರುಡಾಗಿ ನಂಬಬೇಡಿ: ಬರ್ಜ್ 4 ಕಿ.ಮೀ. ಎಂದರು, ತಪ್ಪಿದ್ದು 16.

ಐದನೇ ಪುಟ: ‘ಮೀಟರನ್ನೇ ಬೆಳಕಿಗೆ ಕಟ್ಟಿಹಾಕಿ ಸತ್ಯವನ್ನು ಮುಚ್ಚಿಟ್ಟರು.’ ಕಟ್ಟಿದ್ದು ನಿಜ. ಸೆಕೆಂಡಿನ 29,97,92,458ನೇ ಒಂದು ಪಾಲಿನಲ್ಲಿ ಬೆಳಕು ನಿರ್ವಾತದಲ್ಲಿ ಸಾಗುವ ದೂರವೇ ಮೀಟರ್, ಆದ್ದರಿಂದ ಆ ಸಂಖ್ಯೆ ಇನ್ನು ಅಲುಗದು. ಮುಚ್ಚಿಟ್ಟರು ಎಂಬುದನ್ನು ಹೊಡೆದುಹಾಕಿ. ವೇಗ ಬದಲಾದರೆ ಯಾವುದಕ್ಕೆ ಹೋಲಿಸಿ ಬದಲಾಯಿತು? ಇದನ್ನು ನೀವು ಎಲ್ಲೂ ಕೇಳಿಲ್ಲ. ಮೀಟರ್, ಸೆಕೆಂಡಿನಂಥ ಏಕಮಾನವೇ ಇಲ್ಲದ ಸಂಖ್ಯೆಯನ್ನು ಹಿಡಿಯಬೇಕು. ಎಲೆಕ್ಟ್ರಾನಿನ ವಿದ್ಯುದಂಶ, ಪ್ಲಾಂಕ್ ಸ್ಥಿರಾಂಕ, ಬೆಳಕಿನ ವೇಗ ಇವೆಲ್ಲ ಸೇರಿ ಆಗುವ ಸೂಕ್ಷ್ಮರಚನಾ ಸ್ಥಿರಾಂಕ ಅಂಥದ್ದು, ಸುಮಾರು 1/137. ಮೀಟರಿನ ಯಾವ ವ್ಯಾಖ್ಯೆಯೂ ಅದನ್ನು ಮುಟ್ಟಲಾರದು. ದೂರದ ಕ್ವೇಸಾರ್‌ಗಳ (ಅತಿ ಪ್ರಕಾಶಮಾನವಾದ ಗೆಲಾಕ್ಸಿ ಕೇಂದ್ರಗಳ) ರೋಹಿತದಲ್ಲಿ, ಎಂದರೆ ಬಣ್ಣಗಳಾಗಿ ಬಿಡಿಸಿದ ಬೆಳಕಿನಲ್ಲಿ, ಗೆರೆಗಳ ನಡುವಿನ ಅಂತರ ನೋಡಿ ಅದರ ಹಳೆಯ ಬೆಲೆ ಕಂಡುಕೊಳ್ಳಬಹುದು. ಗ್ಯಾಬನ್ ದೇಶದ ಓಕ್ಲೋದಲ್ಲಿ ಸುಮಾರು 200 ಕೋಟಿ ವರ್ಷಗಳ ಹಿಂದೆ ನೆಲದೊಳಗೇ ತಾನಾಗಿ ನಡೆದ ಯುರೇನಿಯಂ ರಿಯಾಕ್ಟರ್ ಇದೆ. ಸಮೇರಿಯಂ-149 ಎಂಬ ಪರಮಾಣು ನ್ಯೂಟ್ರಾನ್ ನುಂಗುವ ಪ್ರಮಾಣ ಈ ಸ್ಥಿರಾಂಕವನ್ನು ಅವಲಂಬಿಸಿದೆ; ಅಲ್ಲಿ ಅದು ಎಷ್ಟು ನುಂಗಿತ್ತು ಎಂಬುದರಿಂದ, ಈ ಸ್ಥಿರಾಂಕ ಅಂದಿನಿಂದ ಹತ್ತು ಲಕ್ಷದಲ್ಲಿ ಒಂದು ಪಾಲೂ ಬದಲಾಗಿಲ್ಲವೆಂದು ತಿಳಿಯುತ್ತದೆ.

ಓಕ್ಲೋ ಮೊದಲ ಪುಟಕ್ಕೆ ಬರಲಿ. ಗ್ರಾಫಿನಲ್ಲಿ ಎಲ್ಲ ಅಂಕಿಗಳೂ ಇರಲಿ, ಪ್ರತಿ ಚುಕ್ಕಿಗೂ ದೋಷದ ಮಿತಿಯ ಗೀಟು ಹಾಕಿ. ರೋಮರ್, ಫಿಜೋ ಇಬ್ಬರನ್ನೂ ಬೇರೆ ಚಿತ್ರದಲ್ಲಿಡಿ, ಇಲ್ಲದಿದ್ದರೆ ಉಳಿದ ಚುಕ್ಕಿಗಳೆಲ್ಲ ಒಂದರ ಪಕ್ಕ ಒಂದು ಮಟ್ಟಸವಾಗಿ ಕೂತುಬಿಡುತ್ತವೆ. ತಿದ್ದಿ ಕಳಿಸಿ, ಖಂಡಿತ ಓದುತ್ತೇನೆ.