ಒಂದೇ ಅನಿಮೇಷನ್ನನ್ನು ನಾಲ್ಕು ಕಂಪ್ಯೂಟರ್‌ಗಳಲ್ಲಿ ಹಂಚಿ ರೆಂಡರ್ ಮಾಡುವುದು ಹೇಗೆ?

ರೆಂಡರ್ ಎಂದರೆ ದೃಶ್ಯದಿಂದ ಅಂತಿಮ ಚಿತ್ರಗಳನ್ನು ತಯಾರಿಸುವುದು. ನೀವು 3ಡಿ ಅನಿಮೇಷನ್ ತಂತ್ರಾಂಶವಾದ ಬ್ಲೆಂಡರ್ ಬಳಸುತ್ತಿದ್ದರೆ, ಕಮಾಂಡ್ ಲೈನ್ (ಆದೇಶಗಳನ್ನು ಟೈಪ್ ಮಾಡಿ ಕೊಡುವ ವಿಧಾನ) ಒಂದೇ ಸಾಕು. 24 ಎಫ್‌ಪಿಎಸ್‌ನಲ್ಲಿ (ಸೆಕೆಂಡಿಗೆ 24 ಫ್ರೇಮ್, ಅಂದರೆ ಬಿಡಿ ಚಿತ್ರಗಳು) 10 ಸೆಕೆಂಡಿನ ದೃಶ್ಯವೆಂದರೆ 240 ಫ್ರೇಮ್‌ಗಳು. ಫ್ರೇಮಿಗೆ 3 ನಿಮಿಷವಾದರೆ ಒಂದು ಯಂತ್ರಕ್ಕೆ 12 ಗಂಟೆ, ಸಮಾನ ಶಕ್ತಿಯ ನಾಲ್ಕಕ್ಕೆ ಸುಮಾರು 3 ಗಂಟೆ.

ಆದೇಶದಲ್ಲಿ ಮೊದಲು ಇಂಗ್ಲಿಷಿನ ಸಣ್ಣ ಬಿ (-b) ಆಯ್ಕೆ ಮತ್ತು ಕಡತದ ಹೆಸರು, ಬಳಿಕ ಆರಂಭದ ಫ್ರೇಮಿಗೆ ಎಸ್ (-s), ಕೊನೆಯದಕ್ಕೆ ಇ (-e), ಎಲ್ಲಕ್ಕಿಂತ ಕೊನೆಗೆ ಅನಿಮೇಷನ್ ರೆಂಡರ್ ಮಾಡಿಸುವ ಎ (-a) ಬರಬೇಕು. ಬ್ಲೆಂಡರ್ ಆಯ್ಕೆಗಳನ್ನು ಬರೆದ ಕ್ರಮದಲ್ಲೇ ಜಾರಿಮಾಡುವುದರಿಂದ, ಎ ಮೊದಲು ಬಂದರೆ ನೀವು ಕೊಟ್ಟ ವ್ಯಾಪ್ತಿಯನ್ನು ಗಮನಿಸದೆ ಕಡತದಲ್ಲಿರುವ ವ್ಯಾಪ್ತಿಯನ್ನೇ ರೆಂಡರ್ ಮಾಡುತ್ತದೆ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ.

ಯಂತ್ರಗಳ ವೇಗ ಒಂದೇ ಆಗಿರದಿದ್ದರೆ ತಲಾ 60 ಫ್ರೇಮ್‌ಗಳಂತೆ ಪಾಲು ಹಾಕುವುದು ಜಾಣತನವಲ್ಲ. ಔಟ್‌ಪುಟ್ ವಿಭಾಗದಲ್ಲಿ ಓವರ್‌ರೈಟ್ (ಇರುವ ಕಡತದ ಮೇಲೆಯೇ ಬರೆಯುವುದು) ಆಯ್ಕೆಯನ್ನು ತೆಗೆದು, ಪ್ಲೇಸ್‌ಹೋಲ್ಡರ್ಸ್ ಆನ್ ಮಾಡಿ, ನಾಲ್ಕೂ ಯಂತ್ರಗಳಿಗೆ ಒಂದೇ ಹಂಚಿಕೆಯ ಫೋಲ್ಡರನ್ನು ತೋರಿಸಿದರೆ, ಪ್ರತಿ ಯಂತ್ರವೂ ತಾನು ಹಿಡಿದ ಫ್ರೇಮಿನ ಹೆಸರಿನಲ್ಲಿ ಖಾಲಿ ಕಡತವನ್ನಿಟ್ಟು ಕೆಲಸ ಶುರುಮಾಡುತ್ತದೆ, ಉಳಿದವು ಅದನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತವೆ. ಕರೆಂಟ್ ಹೋಗಿ ಯಂತ್ರವೊಂದು ನಡುವೆ ನಿಂತರೆ ಆ ಶೂನ್ಯ ಬೈಟ್‌ನ ಕಡತ ಹಾಗೆಯೇ ಉಳಿಯುತ್ತದೆ. ಅದನ್ನು ಅಳಿಸಿಯೇ ಮರಳಿ ಚಲಾಯಿಸಬೇಕು.

ಎಲ್ಲ ಯಂತ್ರಗಳಲ್ಲೂ ಬ್ಲೆಂಡರ್‌ನ ಒಂದೇ ಆವೃತ್ತಿ ಇರಲಿ. ಹೊಗೆ, ನೀರು, ಬಟ್ಟೆಯ ಸಿಮ್ಯುಲೇಷನ್‌ಗಳನ್ನು ಮುಂಚೆಯೇ ಬೇಕ್ ಮಾಡಿ (ಲೆಕ್ಕ ಹಾಕಿಸಿ ಉಳಿಸಿ), ಆ ಕ್ಯಾಶ್, ಅಂದರೆ ಉಳಿಸಿದ ದತ್ತಾಂಶ, ಎಲ್ಲ ಯಂತ್ರಗಳಿಗೂ ಸಿಗುವಂತೆ ಇಡಿ. ಔಟ್‌ಪುಟ್ ವಿಡಿಯೊ ಆಗಿರದೆ ಪಿಎನ್‌ಜಿ ಅಥವಾ ಇಎಕ್ಸ್‌ಆರ್ ಚಿತ್ರಗಳಾಗಿರಲಿ. ಕೊನೆಗೆ ಎಫ್ಎಫ್‌ಎಂಪೆಗ್ ಎಂಬ ವಿಡಿಯೊ ತಂತ್ರಾಂಶದಿಂದ ಅವನ್ನು ವಿಡಿಯೊ ಆಗಿ ಜೋಡಿಸಬಹುದು.