ಚಂದ್ರಶಿಲೆಯಿಂದ ಇಳಿದ ಕಥೆ ಎಲ್ಲಿ?

ನಮಸ್ಕಾರ.

ಫೆಬ್ರವರಿಯ ಹಿಮದಲ್ಲಿ ಉತ್ತರಾಖಂಡದ ಚೋಪ್ತಾದಿಂದ ಹೊರಟು, ತುಂಗನಾಥ ದೇವಸ್ಥಾನ ದಾಟಿ, ಚಂದ್ರಶಿಲೆ ಶಿಖರದ ತುದಿ ಮುಟ್ಟಿ, ಅದೇ ದಿನ ವಾಪಸ್ ಬಂದ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಇದರೊಳಗೆ ಒಂದು ಒಳ್ಳೆಯ ಲೇಖನ ಅಡಗಿದೆ. ಅದು ಹೊರಗೆ ಬರಲಿ ಎಂದೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು, ನನಗೆ ತುಂಬಾ ಇಷ್ಟವಾದ ಸಾಲು. 'ಬೆಳಗಿನ ಹಿಮದ ಮೇಲೆ ಕಾಲಿಟ್ಟರೆ ಹುರಿದ ಅವಲಕ್ಕಿ ತುಳಿದ ಹಾಗೆ ಸದ್ದು' ಎಂದು ಬರೆದಿದ್ದೀರಿ. ಜನ್ಮದಲ್ಲಿ ಹಿಮ ನೋಡದ ನಮ್ಮ ಓದುಗರಿಗೂ ಆ ಸದ್ದು ಕೇಳಿಸುತ್ತದೆ. ಇದು ನಿಮ್ಮ ಕಿವಿ ಕೇಳಿದ್ದು, ನಿಮ್ಮ ಅಡುಗೆಮನೆಯಿಂದ ಬಂದದ್ದು. ಅದರ ಪಕ್ಕದಲ್ಲೇ 'ಬಿಳಿ ಚಾದರ ಹೊದ್ದ ಗಿರಿಶಿಖರಗಳು', 'ಸ್ವರ್ಗವೇ ಧರೆಗಿಳಿದಂತೆ' ಎಂದೆಲ್ಲ ಬರುತ್ತದೆ. ಆ ಮಾತುಗಳನ್ನು ಯಾವ ಬೆಟ್ಟಕ್ಕೆ ಬೇಕಾದರೂ ಅಂಟಿಸಬಹುದು. ತೆಗೆದುಬಿಡಿ.

ಇನ್ನೊಂದು ತೊಂದರೆ ನಮ್ಮ ಭಾಷೆಯದೇ. 'ಮಂಜು' ಎಂಬ ಒಂದೇ ಪದವನ್ನು ಮೂರು ಅರ್ಥದಲ್ಲಿ ಬಳಸಿದ್ದೀರಿ. 'ದಾರಿ ತುಂಬಾ ಮಂಜು' ಎಂದರೆ ಕಣ್ಣು ಕಾಣದ ಹಾಗೆ ಕವಿದದ್ದಾ? ಆಕಾಶದಿಂದ ಉದುರಿದ್ದಾ? ಕಾಲಡಿ ಗಟ್ಟಿಯಾಗಿ ಜಾರುವುದಾ? ಮಡಿಕೇರಿ, ಆಗುಂಬೆ ಕಡೆಯ ಓದುಗರು ಮೊದಲನೆಯದನ್ನೇ ಅಂದುಕೊಳ್ಳುತ್ತಾರೆ. ಕವಿಯುವುದಕ್ಕೆ ಮಂಜು, ಉದುರಿದ್ದಕ್ಕೆ ಹಿಮ, ಗಟ್ಟಿಯಾಗಿದ್ದಕ್ಕೆ ಮಂಜುಗಡ್ಡೆ ಎಂದು ನೀವೇ ತೀರ್ಮಾನಿಸಿ, ಕೊನೆತನಕ ಹಾಗೇ ಬರೆಯಿರಿ. ಇದು ಬರೀ ಪದದ ವಿಷಯ ಅಲ್ಲ. ಅವತ್ತು ನೀವು ಎಲ್ಲಿ ಸಲೀಸಾಗಿ ನಡೆದಿರಿ, ಎಲ್ಲಿ ಹೆದರಿದಿರಿ ಎಂಬುದು ಇದರ ಮೇಲೇ ನಿಂತಿದೆ.

ಎತ್ತರದ ಲೆಕ್ಕ ಸರಿಮಾಡಿ. ಚಂದ್ರಶಿಲೆ '15,000 ಅಡಿ' ಅಲ್ಲ, ಸುಮಾರು 12,000ದಿಂದ 13,000 ಅಡಿ, ಅಂದರೆ 3,700ರಿಂದ 4,000 ಮೀಟರ್ ಆಸುಪಾಸು. ತುಂಗನಾಥ ಅದಕ್ಕಿಂತ ಸ್ವಲ್ಪ ಕೆಳಗೆ. ನಮ್ಮವರಿಗೆ ಅಳತೆ ಸಿಗಬೇಕಾದರೆ ಮುಳ್ಳಯ್ಯನಗಿರಿಯನ್ನು ತನ್ನಿ. ಅದು 1,930 ಮೀಟರ್. ಅದರ ತಲೆಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟರೆ ಹತ್ತಿರಹತ್ತಿರ ಚಂದ್ರಶಿಲೆ. ಅಷ್ಟೇ ಅಲ್ಲ, ನೀವು ನಡೆಯಲು ಶುರುಮಾಡಿದ ಚೋಪ್ತಾವೇ ಕರ್ನಾಟಕದ ಎಲ್ಲ ಬೆಟ್ಟಗಳಿಗಿಂತ ಎತ್ತರದಲ್ಲಿದೆ.

ಇಲ್ಲಿ ಸ್ವಲ್ಪ ಖಾರವಾಗಿ ಹೇಳಬೇಕು. 'ತಲೆ ಸಿಡಿಯುತ್ತಿತ್ತು, ಒಂದು ಮಾತ್ರೆ ನುಂಗಿ ಹತ್ತಿದೆ' ಎಂದು ಅರ್ಧ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಅಷ್ಟು ಎತ್ತರದಲ್ಲಿ ಗಾಳಿ ತೆಳು. ಸಮುದ್ರಮಟ್ಟದಲ್ಲಿ ಸಿಗುವ ಆಮ್ಲಜನಕದಲ್ಲಿ ಹೆಚ್ಚುಕಡಿಮೆ ಶೇ. 60ರಷ್ಟು ಮಾತ್ರ ಉಸಿರಿಗೆ ಸಿಗುತ್ತದೆ. ತಲೆನೋವು ಬಂತೆಂದರೆ ಅದು ಮೈ ಕೊಡುವ ಎಚ್ಚರಿಕೆ. ಆಗ ಮೇಲೆ ಹತ್ತಬಾರದು. ಜಾಸ್ತಿಯಾದರೆ ಇಳಿಯಬೇಕು. ನಿಮಗೆ ಏನೂ ಆಗಲಿಲ್ಲ, ನಿಜಕ್ಕೂ ಸಮಾಧಾನ. ಆದರೆ ಇಂಥ ಲೇಖನ ಓದಿ ಜನ ಬ್ಯಾಗು ಕಟ್ಟಿ ಹೊರಡುತ್ತಾರೆ. ನೀವು ಮಾಡಿದ್ದನ್ನು ಮುಚ್ಚಿಡಬೇಡಿ, ಅದು ತಪ್ಪಾಗಿತ್ತು ಎಂದು ಅಲ್ಲೇ ಬರೆಯಿರಿ. ಹಾಗೆಯೇ 'ಅಗತ್ಯ ಉಪಕರಣಗಳು' ಅಂದರೆ ಏನು? ಶೂಗೆ ಸಿಕ್ಕಿಸುವ ಮುಳ್ಳಿನ ಸರಪಳಿಯೇ? ಎಷ್ಟು ಬಾಡಿಗೆ ಕೊಟ್ಟಿರಿ? ಕಪ್ಪು ಕನ್ನಡಕ ಇತ್ತಾ? ಹೊಸ ಹಿಮ ಬಿಸಿಲನ್ನು ಕಣ್ಣಿಗೇ ತಿರುಗಿಸಿ ಹೊಡೆಯುತ್ತದೆ. ನಿಮ್ಮ ಜೊತೆಗಾರರ ಕಣ್ಣು ಆ ರಾತ್ರಿ ಉರಿದದ್ದು ಅದಕ್ಕೇ ಇರಬೇಕು.

ಪಂಚಕೇದಾರದ, ಅಂದರೆ ಶಿವನ ಐದು ಗುಡಿಗಳ, ಪುರಾಣಕ್ಕೆ ನಾಲ್ಕು ಪ್ಯಾರಾ ಕೊಟ್ಟಿದ್ದೀರಿ. ಬೇಡ. ಪಾಂಡವರಿಂದ ತಪ್ಪಿಸಿಕೊಂಡ ಶಿವನ ತೋಳು ಮೂಡಿದ ಜಾಗ ತುಂಗನಾಥ ಎಂಬ ನಂಬಿಕೆ ಒಂದು ಸಾಲಿನಲ್ಲಿ ಸಾಕು. ನೀವು ಕಂಡದ್ದು ಬೀಗ ಹಾಕಿದ ಬಾಗಿಲು. ಚಳಿಗಾಲದಲ್ಲಿ ದೇವರ ಉತ್ಸವಮೂರ್ತಿ ಕೆಳಗಿನ ಮಕ್ಕೂಮಠಕ್ಕೆ ಇಳಿದಿರುತ್ತದೆ. ದೇವರೇ ಹಿಮಕ್ಕೆ ಊರು ಬಿಟ್ಟು ಹೋದ ಜಾಗಕ್ಕೆ ನೀವು ಹತ್ತಿ ಹೋದಿರಿ, ಅಲ್ವಾ? ಆ ಮುಚ್ಚಿದ ಬಾಗಿಲ ಮುಂದೆ ಒಂದು ಗಳಿಗೆ ನಿಲ್ಲಿ. ಅಲ್ಲಿ ಏನು ಅನ್ನಿಸಿತು?

ಊಖೀಮಠದ ಚಹಾ ಅಂಗಡಿಯವರು 'ಕರ್ನಾಟಕದವರಾ? ಹಾಗಾದರೆ ನಮ್ಮ ರಾವಲರ ಕಡೆಯವರು' ಎಂದದ್ದನ್ನೂ ಒಂದೇ ಸಾಲಿಗೆ ಮುಗಿಸಿದ್ದೀರಿ. ಎಂಥ ಜಾಗ ಅದು! ಕೇದಾರನಾಥದ ಮುಖ್ಯ ಅರ್ಚಕರಾದ ರಾವಲರು ಕರ್ನಾಟಕದ ವೀರಶೈವ ಪರಂಪರೆಯಿಂದ ಬರುವವರು. ಕೇದಾರನಾಥನ ಚಳಿಗಾಲದ ಪೂಜೆ ನಡೆಯುವುದು ಊಖೀಮಠದಲ್ಲೇ. ಅದೇ ತುಂಗನಾಥಕ್ಕೆ ಬಂದರೆ ಅರ್ಚಕರು ಅಲ್ಲಿನವರೇ, ಮಕ್ಕೂ ಗ್ರಾಮದವರು. ಇಷ್ಟು ದೂರದ ಪಹಾಡಿನಲ್ಲಿ ಒಬ್ಬ ಅಂಗಡಿಯವರು ನಿಮ್ಮನ್ನು ನೆಂಟರ ಹಾಗೆ ಮಾತಾಡಿಸಿದರು. ಅವರ ಜೊತೆ ಇನ್ನೇನು ಮಾತಾಯಿತು, ನೆನಪಿದ್ದಷ್ಟು ಬರೆಯಿರಿ.

ತುದಿಯಲ್ಲಿ ಕಂಡ ಎಂಟು ಶಿಖರಗಳ ಪಟ್ಟಿ ಕೊಟ್ಟಿದ್ದೀರಿ. ನಿಜವಾಗಿ ನೀವು ನೋಡುತ್ತ ಕೂತದ್ದು ಯಾವುದನ್ನು? ಚೌಖಂಬಾ ಆಗಿದ್ದರೆ ಅದೊಂದನ್ನೇ ಇಟ್ಟುಕೊಳ್ಳಿ. ಹೆಸರಲ್ಲೇ ನಮ್ಮ ಕಂಬ ಇದೆ, ನಾಲ್ಕು ಕಂಬ. 7,138 ಮೀಟರ್ ಎತ್ತರದ್ದು. ಉಳಿದವು ಹಿನ್ನೆಲೆಯಲ್ಲಿ ಇರಲಿ.

ಈಗ ಮುಖ್ಯ ಮಾತು. ನಿಮ್ಮ ಲೇಖನ ತುದಿಯಲ್ಲಿ, ಗಂಗೆಯ ಪುಟ್ಟ ಗುಡಿಯ ಪಕ್ಕದ ಫೋಟೋದೊಂದಿಗೆ ಮುಗಿಯುತ್ತದೆ. ಆಮೇಲೆ 'ಸಂಜೆ ನಾಲ್ಕಕ್ಕೆ ಚೋಪ್ತಾ ತಲುಪಿದೆವು' ಎಂದು ಒಂದು ಸಾಲು. ಆದರೆ ಲೇಖನದ ಜೊತೆ ಕಳಿಸಿದ ಪತ್ರದಲ್ಲಿ ಏನು ಬರೆದಿದ್ದೀರಿ? 'ಇಳಿಯುವಾಗ ಎರಡು ಸಲ ಬಿದ್ದೆ, ಒಂದು ಕಡೆ ಕೂತು ಅತ್ತೆ, ಅದನ್ನೆಲ್ಲ ಸೇರಿಸಿಲ್ಲ.' ನಿಮ್ಮ ಲೇಖನ ಅದೇ. ಸುಮ್ನೆ ಬಿಟ್ಟುಬಿಟ್ಟಿರಿ.

ಬೆಳಿಗ್ಗೆ ಅವಲಕ್ಕಿಯ ಹಾಗೆ ಸದ್ದು ಮಾಡಿದ ಹಿಮ ರಾತ್ರಿಯ ಚಳಿಗೆ ಮೇಲ್ಪದರ ಗಟ್ಟಿಯಾದದ್ದು. ಮಧ್ಯಾಹ್ನದ ಬಿಸಿಲಿಗೆ ಅದು ಮೆತ್ತಗಾಗಿ ಕಾಲು ಮೊಣಕಾಲವರೆಗೆ ಹೂತುಹೋಗುತ್ತದೆ. ನೂರಾರು ಜನ ತುಳಿದ ದಾರಿ ನೆರಳಿನಲ್ಲಿ ಗಾಜಿನ ಹಾಗೆ ನಯವಾಗುತ್ತದೆ. ಕಲ್ಲು ಹಾಸಿದ ದಾರಿ ಇರುವುದು ತುಂಗನಾಥದವರೆಗೆ ಮಾತ್ರ, ಅದರ ಮೇಲೆ ಬರೀ ಇಳಿಜಾರು. ಬೆಳಿಗ್ಗೆ ಹತ್ತಿದ ದಾರಿಯೇ ಮಧ್ಯಾಹ್ನ ಬೇರೆ ದಾರಿಯಾಗಿರುತ್ತದೆ. ನೀವು ಬಿದ್ದದ್ದು ಇವೆರಡರಲ್ಲಿ ಎಲ್ಲಿ? ಹೂತು ಬಿದ್ದಿರಾ, ಜಾರಿ ಬಿದ್ದಿರಾ? ಅಳುವಾಗ ಜೊತೆಯವರು ಎಷ್ಟು ಮುಂದೆ ಹೋಗಿದ್ದರು? ಅತ್ತದ್ದು ನೋವಿಗಾ, ಸುಸ್ತಿಗಾ, ಒಂಟಿತನಕ್ಕಾ? ನಾಚಿಕೆ ಬೇಡ. ತುದಿಯ ಫೋಟೋ ಎಲ್ಲರ ಹತ್ತಿರವೂ ಇರುತ್ತದೆ. ಆ ಕೂತ ಜಾಗ ನಿಮ್ಮೊಬ್ಬರದೇ.

ಆದ್ದರಿಂದ ಅಲ್ಲಿಂದಲೇ ಶುರುಮಾಡಿ ನೋಡಿ. ಹತ್ತಿದ್ದನ್ನು ಅರ್ಧಕ್ಕೆ ಇಳಿಸಿ. ದೆಹಲಿವರೆಗಿನ ರೈಲು, ಹರಿದ್ವಾರದ ಲಾಡ್ಜು ಪೂರ್ತಿ ತೆಗೆಯಿರಿ. ಒಟ್ಟು 1,200 ಪದ ಸಾಕು. ಅವಸರ ಇಲ್ಲ, ಒಂದು ತಿಂಗಳು ತೆಗೆದುಕೊಳ್ಳಿ. ನಾನು ಖಂಡಿತ ಮತ್ತೆ ಓದುತ್ತೇನೆ.

ಹಾಂ, ಒಂದು ಕೇಳುವುದು ಮರೆತಿದ್ದೆ. ಚೋಪ್ತಾದ ಅಂಗಡಿಯ ಅಜ್ಜ ತನ್ನ ಊರುಗೋಲು ಕೊಟ್ಟು 'ಇಳಿಯುವಾಗ ಬೇಕಾಗುತ್ತದೆ' ಎಂದರು ಎಂದು ಮೊದಲ ಪುಟದಲ್ಲಿದೆ. ಅದು ಬೇಕಾಯಿತಾ? ವಾಪಸ್ ಕೊಡುವಾಗ ಅವರು ಏನೆಂದರು?