ಕಾಲುಸಂಕ ಕೇಳಲು ಹೋದವರು ನಡಾವಳಿ ಓದಿಸಿದೆವು

ಊರಿನ ಸುರಕ್ಷತೆಯ ಕೆಲಸಕ್ಕೆ ಹುಡುಗ ಹುಡುಗಿಯರು ಕೈ ಹಾಕಿದರೆ ಊರಿನ ಉಳಿದ ವ್ಯವಹಾರವೂ ಬದಲಾಗುತ್ತದಾ ಅಂತ ಕೇಳಿದ್ದೀರಿ. ಆಗುತ್ತದೆ. ನಾನು ಬೈಂದೂರು ಕಡೆಯವಳು, ಹೈಸ್ಕೂಲಿನಲ್ಲಿದ್ದಾಗ ಮಕ್ಕಳು ತಮ್ಮ ಕಷ್ಟವನ್ನು ಪಂಚಾಯ್ತಿಗೆ ಹೇಳುವ ಮಕ್ಕಳ ಗ್ರಾಮಸಭೆಯಲ್ಲಿ ಎದ್ದು ಮಾತಾಡಿದವಳು. ಕಂಡದ್ದನ್ನು ಹೇಳುತ್ತೇನೆ.

ಕರ್ನಾಟಕದಲ್ಲಿ ಗ್ರಾಮ ಪಂಚಾಯ್ತಿಗಳು ಮಕ್ಕಳ ಗ್ರಾಮಸಭೆ ನಡೆಸಬೇಕು ಅಂತ 2006ರಲ್ಲೇ ಸರ್ಕಾರದ ಆದೇಶ ಆಗಿದೆ. ಅದಕ್ಕೂ ಮೊದಲು, 1990ರ ದಶಕದಲ್ಲೇ, ನಮ್ಮ ಕುಂದಾಪುರ ಸೀಮೆಯಲ್ಲಿ ದುಡಿಯುವ ಮಕ್ಕಳ ಭೀಮ ಸಂಘ, ಮಕ್ಕಳ ಪಂಚಾಯ್ತಿ ಎಲ್ಲ ಇದ್ದವು.

ಸಭೆಗೆ ಮೊದಲು ನಮ್ಮ ಟೀಚರ್ ಒಂದೇ ಕೆಲಸ ಹೇಳಿದ್ದರು. ಶಾಲೆಗೆ ಬರುವ ದಾರಿಯಲ್ಲಿ ಎಲ್ಲೆಲ್ಲಿ ಹೆದರಿಕೆ ಆಗುತ್ತದೆ, ಚೀಟಿಯಲ್ಲಿ ಬರೆದು ತನ್ನಿ. ಮಳೆಗಾಲದಲ್ಲಿ ಪಾಚಿ ಕಟ್ಟುವ ಕಾಲುಸಂಕ (ಹಳ್ಳ ದಾಟುವ ಸಣ್ಣ ಸೇತುವೆ), ಬೇಲಿಯೇ ಇಲ್ಲದೆ ನೀರು ತುಂಬಿ ನಿಂತ, ಕೆಂಪುಕಲ್ಲು ಕಡಿದ ಕೋರೆಯ ಗುಂಡಿ, ದೀಪ ಇಲ್ಲದ ತಿರುವು. ಬಸ್ ಸ್ಟ್ಯಾಂಡಿನಲ್ಲಿ ಕುಡಿದು ಕೂರುವವರ ಬಗ್ಗೆ ಹುಡುಗಿಯರು ಮಾತ್ರ ಬರೆದಿದ್ದರು. ದಿನಾ ಅದೇ ದಾರಿಯಲ್ಲಿ ಬರುವ ಹುಡುಗರಿಗೆ ಅದು ಕಂಡೇ ಇರಲಿಲ್ಲ.

ಕಾಲುಸಂಕದ ವಿಷಯ ನಾನು ಹೇಳಿದೆ. ಪಂಚಾಯ್ತಿಯವರು "ನೋಡುವ" ಅಂದರು. ಒಂದು ವರ್ಷ ಏನೂ ಆಗಲಿಲ್ಲ. ಮರುವರ್ಷ ಹಿಂದಿನ ಸಭೆಯ ನಡಾವಳಿ, ಅಂದರೆ ಸಭೆಯಲ್ಲಿ ಆದದ್ದನ್ನು ಬರೆದಿಟ್ಟ ದಾಖಲೆ, ಓದಿ ಅಂತ ಕೇಳಿದೆವು. ಅದರಲ್ಲಿ ನಮ್ಮ ಸಂಕದ ಸುದ್ದಿಯೇ ಇಲ್ಲ! ಹೇಳಿದ್ದು ಬರಹಕ್ಕೆ ಇಳಿಯಿತಾ ಅಂತ ನೋಡಬೇಕು, ಅದನ್ನು ಅವತ್ತು ಕಲಿತೆ. ಪೌರನೀತಿ ಪಾಠದಲ್ಲಿ ಇದು ಇರಲಿಲ್ಲ.

ಅಷ್ಟರಲ್ಲಿ ಮನೆಗಳಲ್ಲಿ ಮಾತು ಶುರುವಾಗಿತ್ತು. ಮನೆ ಮಂಜೂರಾತಿಯ ಪಟ್ಟಿ ಇದ್ದರೆ ಮಾತ್ರ ಗ್ರಾಮಸಭೆಗೆ ಹೋಗುತ್ತಿದ್ದ ನಮ್ಮಮ್ಮ, ಈ ಸಲ ಸಂಕ ಕೇಳಲೆಂದೇ ಹೋದರು. ಹೋದವರು ಕುಡಿಯುವ ನೀರಿನ ಲೆಕ್ಕವನ್ನೂ ಕೇಳಿ ಬಂದರು. ಆಮೇಲೆ ಒಂದು ಸಭೆಯನ್ನೂ ಬಿಟ್ಟಿಲ್ಲ. ಸಂಕಕ್ಕೆ ಮೊದಲು ಕಬ್ಬಿಣದ ಕಂಬಿ ಬಂತು. ಸಿಮೆಂಟಿನ ಸಂಕಕ್ಕೆ ಮತ್ತೆ ನಾಲ್ಕು ಮಳೆಗಾಲ ಹಿಡಿಯಿತು.

ಆದರೆ ಯುವಕರು ಕಾವಲಿಗೆ ನಿಂತ ಮಾತ್ರಕ್ಕೆ ಒಳ್ಳೆಯದಾಗುತ್ತದೆ ಅಂತ ನಾನು ಹೇಳಲಾರೆ. ನಮ್ಮ ಕರಾವಳಿಯಲ್ಲೇ ರಕ್ಷಣೆಯ ಹೆಸರಲ್ಲಿ ಬಸ್ ತಡೆದು, ಯಾರು ಯಾರ ಪಕ್ಕ ಕೂತಿದ್ದಾರೆ ಅಂತ ವಿಚಾರಿಸುವ ಗುಂಪುಗಳಿವೆ. ಅಂಥ ಕಡೆ ಹುಡುಗಿಯರು ಸಭೆಗೆ ಬರುವುದಿರಲಿ, ಪೇಟೆಗೆ ಹೋಗಲೂ ಯೋಚಿಸುತ್ತಾರೆ. ನಾವು ಲೆಕ್ಕ ಕೇಳಿದ್ದು ಪಂಚಾಯ್ತಿಯನ್ನು, ಬಸ್ಸಿನಲ್ಲಿ ಕೂತವರನ್ನಲ್ಲ. ನನಗೆ ಇದು ತುಂಬಾ ಮುಖ್ಯ ಅನಿಸುತ್ತದೆ.

ಎಷ್ಟೋ ಕಡೆ ಮಕ್ಕಳ ಗ್ರಾಮಸಭೆ ಅಂದರೆ ಸುಮ್ನೆ ಭಾಷಣ, ಸಿಹಿ, ಫೋಟೋ. ಅದನ್ನು ನೋಡಿದ ಮಕ್ಕಳು ಕೇಳಿ ಪ್ರಯೋಜನವಿಲ್ಲ ಅಂತಲೇ ಕಲಿಯುತ್ತಾರೆ, ಅಲ್ವಾ? ನಿಮ್ಮೂರಲ್ಲಿ ಸಭೆ ನಡೆದರೆ ದಯವಿಟ್ಟು ಹೋಗಿ ಹಿಂದೆ ಕೂತುಕೊಳ್ಳಿ. ಹೋದ ವರ್ಷದ ನಡಾವಳಿ ಓದಿಸಿ ಅಂತ ಮಕ್ಕಳು ಕೇಳಿದಾಗ ಅವರ ಜೊತೆ ನಿಲ್ಲಿ.